ಮೆಕ್ಕೆಜೋಳದ ಬೇರು ಚೊಕ್ಕವಾಗಿತ್ತು, ಆಮೇಲೆ ಹಾಕಿದ ಸೌತೆ ಹೇಗೆ ಗಂಟು ಕಟ್ಟಿತು?

ಸೌತೆಬಳ್ಳಿ (ಮೊದಲ ದಿನ)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೂತಿದ್ದೇನೆ, ಬಲ್ಲವರು ದಾರಿ ತೋರಿಸಿ.

ಅರ್ಧ ಎಕರೆಯ ಒಂದು ಪಟ್ಟಿ. ಮೊದಲು ಟೊಮೆಟೊ ಇತ್ತು. ಕೊಯ್ಲು ಮುಗಿಸಿ ಗಿಡ ಕಿತ್ತಾಗ ಬೇರು ತುಂಬಾ ಗಂಟು, ಒಳ್ಳೇ ಶುಂಠಿ ಗಡ್ಡೆ ಥರ ಊದಿಕೊಂಡಿತ್ತು. ಬೇರುಗಂಟು ನೆಮಟೋಡ್ ಅಂದರು, ಬೇರಿನೊಳಗೆ ಸೇರಿಕೊಂಡು ಬದುಕೋ ಸಣ್ಣ ಹುಳ ಅಂತೆ. ಬೆಳೆ ಬದಲಿಸು, ತಾನಾಗಿ ಹೋಗುತ್ತೆ ಅಂತ ನಾಲ್ಕು ಜನ ಹೇಳಿದ್ದಕ್ಕೆ ಮೆಕ್ಕೆಜೋಳ ಹಾಕಿದೆ. ಬೆಳೆ ಆಳೆತ್ತರ ಬಂತು, ತೆನೆಯೂ ತುಂಬಿತು. ಕಟಾವಾದ ಮೇಲೆ ಹತ್ತಿಪ್ಪತ್ತು ಗಿಡ ಕಿತ್ತು ಬೇರು ನೋಡಿದೆ, ಒಂದೇ ಒಂದು ಗಂಟು ಕಾಣಲಿಲ್ಲ. ಪೀಡೆ ತೊಲಗಿತು ಅಂದುಕೊಂಡು ಸೌತೆ ಬೀಜ ಊರಿದೆ.

ಮೂರನೇ ವಾರದಿಂದ ಶುರುವಾಯ್ತು. ಮಣ್ಣಲ್ಲಿ ತೇವ ಇದ್ದರೂ ಮಧ್ಯಾಹ್ನ ಎಲೆ ಜೋತು ಬೀಳೋದು, ಸಂಜೆ ಎದ್ದು ನಿಲ್ಲೋದು. ಐದನೇ ವಾರ ಒಂದು ಬಳ್ಳಿ ಕಿತ್ತರೆ ಟೊಮೆಟೊದಲ್ಲಿ ಇದ್ದುದಕ್ಕಿಂತ ಹೆಚ್ಚು ಗಂಟು! ಈ ಹುಳ ಎಲ್ಲಿಂದ ಬಂತು? ನೀರಲ್ಲಿ ಹರಿದು ಬಂತಾ? ಇಲ್ಲಾ ಮೆಕ್ಕೆಜೋಳ ಇದ್ದಷ್ಟು ದಿನ ಮಣ್ಣಲ್ಲಿ ಮಲಗಿತ್ತಾ?

ಹಳೇಕುಂಟೆ

ಮೆಕ್ಕೆಜೋಳದ ಮೇಲೆ ಅನುಮಾನ ಬೇಡಪ್ಪ. ನಾನು ಮೂವತ್ತು ವರ್ಷದಿಂದ ಬೆಳೀತಿದ್ದೀನಿ, ಅದರ ಬೇರಲ್ಲಿ ಗಂಟು ಅನ್ನೋದನ್ನೇ ಕಂಡಿಲ್ಲ. ಸೌತೆ ಸಸಿ ತಂದು ನೆಟ್ಟೆಯಾ? ಸಸಿ ಬುಡದ ಮಣ್ಣಲ್ಲಿ ಬಂದಿರುತ್ತೆ.

ಸೌತೆಬಳ್ಳಿ

ಇಲ್ಲ ಅಣ್ಣ, ಬೀಜನೇ ನೇರವಾಗಿ ಊರಿದ್ದು. ಹೊರಗಿನ ಮಣ್ಣಾಗಲಿ ಗೊಬ್ಬರವಾಗಲಿ ಒಂದು ಬುಟ್ಟಿಯೂ ಬಂದಿಲ್ಲ.

ಸೂಕ್ಷ್ಮದರ್ಶಿ

ಸೌತೆಬಳ್ಳಿ ಅವರೇ, ನಾನು ಇದೇ ಹುಳುವಿನ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಹಿರಿಯರ ಅನುಭವಕ್ಕೆ ಎದುರಾಡುತ್ತಿದ್ದೇನೆ ಅಂದುಕೊಳ್ಳಬೇಡಿ, ಆದರೆ ನಿಮ್ಮ ಹೊಲದಲ್ಲಿ ಹುಳುವನ್ನು ಸಾಕಿದ್ದು ಮೆಕ್ಕೆಜೋಳವೇ ಅನ್ನಿಸುತ್ತದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಗಂಟು ಎನ್ನುವುದು ಗಿಡ ತೋರಿಸುವ ಪ್ರತಿಕ್ರಿಯೆ. ಒಳಗೆ ಹುಳು ಎಷ್ಟು ಬೆಳೆಯಿತು, ಎಷ್ಟು ಮೊಟ್ಟೆ ಇಟ್ಟಿತು ಎನ್ನುವುದು ಬೇರೆಯೇ ಲೆಕ್ಕ. ಟೊಮೆಟೊ, ಸೌತೆ, ಬೆಂಡೆ ಇವು ದೊಡ್ಡ ಗಂಟು ಕಟ್ಟುತ್ತವೆ. ಮೆಕ್ಕೆಜೋಳದ ಅನೇಕ ಹೈಬ್ರಿಡ್‌ಗಳಲ್ಲಿ ಗಂಟು ತೀರಾ ಸಣ್ಣದು, ಕೂದಲೆಳೆಯಂಥ ಬೇರು ಅಲ್ಲಲ್ಲಿ ಒಂಚೂರು ದಪ್ಪವಾದ ಹಾಗೆ ಕಾಣುತ್ತದೆ ಅಷ್ಟೆ. ಗಿಡವನ್ನು ಕೈಯಲ್ಲಿ ಜಗ್ಗಿ ಕಿತ್ತರೆ ಆ ಸಣ್ಣ ಬೇರುಗಳೆಲ್ಲ ಹರಿದು ಮಣ್ಣಲ್ಲೇ ಉಳಿಯುತ್ತವೆ. ನೀವು ನೋಡಿದ್ದು ಬುಡದ ದಪ್ಪ ಬೇರು ಮಾತ್ರ. ಅಲ್ಲಿ ಏನೂ ಸಿಗುವುದಿಲ್ಲ.

ಒಳಗೆ ನಡೆಯುವುದು ಹೀಗೆ. ಮೊಟ್ಟೆಯಿಂದ ಹೊರಬರುವ ಮರಿ ಸುಮಾರು 0.4 ಮಿಲಿಮೀಟರ್ ಉದ್ದ, ಬರಿಗಣ್ಣಿಗೆ ಕಾಣದು. ಮಣ್ಣಿನಲ್ಲಿ ಇರುವಷ್ಟು ದಿನ ಅದಕ್ಕೆ ಊಟವಿಲ್ಲ, ಮೈಯಲ್ಲಿರುವ ಕೊಬ್ಬೇ ಬುತ್ತಿ. ಬೇರಿನ ತುದಿಯ ಹಿಂದೆ ತೂರಿಕೊಂಡು, ಕೋಶಗಳ ಸಂದಿಯಲ್ಲೇ ನುಸುಳಿ ಮೊದಲು ತುದಿಯ ಕಡೆಗೆ ಹೋಗುತ್ತದೆ, ಅಲ್ಲಿಂದ ತಿರುಗಿ ಬೇರಿನ ನಡುವಿನ ನಾಳಗಳ ಬಳಿ ಬಂದು ಕೂರುತ್ತದೆ. ಸೂಜಿಯಂಥ ಬಾಯಿಮುಳ್ಳಿನಿಂದ ಸುತ್ತಲಿನ ಐದಾರು ಕೋಶಗಳಿಗೆ ತನ್ನ ಸ್ರಾವ ಹರಿಸುತ್ತದೆ. ಆ ಕೋಶಗಳು ಒಡೆದು ಎರಡಾಗುವ ಬದಲು ಒಳಗೊಳಗೇ ನ್ಯೂಕ್ಲಿಯಸ್ ಹೆಚ್ಚಿಸಿಕೊಳ್ಳುತ್ತಾ ದೈತ್ಯ ಕೋಶಗಳಾಗುತ್ತವೆ. ಅಲ್ಲಿಂದಾಚೆ ಹೆಣ್ಣು ಹುಳು ಕೂತಲ್ಲಿಂದ ಅಲ್ಲಾಡುವುದಿಲ್ಲ. ಆ ಕೋಶಗಳೇ ಅದರ ತಟ್ಟೆ. ಗಿಡ ಆ ತಟ್ಟೆಯನ್ನು ತುಂಬಿಸುತ್ತಲೇ ಇದ್ದರೆ ಹುಳು ಪಿಯರ್ ಹಣ್ಣಿನ ಆಕಾರಕ್ಕೆ ಊದಿ, ಲೋಳೆಯಂಥ ಚೀಲದಲ್ಲಿ 200ರಿಂದ 500 ಮೊಟ್ಟೆ ಇಡುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಮಣ್ಣು ಬೆಚ್ಚಗಿದ್ದು ಗಿಡ ಒಗ್ಗಿದರೆ 25–30 ದಿನಕ್ಕೆ ಒಂದು ತಲೆಮಾರು ಮುಗಿಯುತ್ತದೆ.

ಗಿಡ ಒಗ್ಗದಿದ್ದರೆ ಅದೇ ಹುಳು ನಿಧಾನವಾಗಿ ಬೆಳೆಯುತ್ತದೆ, ಹೆಣ್ಣು ಗಿಡ್ಡಗಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಒಂದು ಲೆಕ್ಕ ಹಾಕೋಣ. ನೂರು ಮೊಟ್ಟೆಗೆ ಐದು ಮಾತ್ರ ಮುಂದಿನ ಹೆಣ್ಣಾಗುತ್ತವೆ ಎಂದುಕೊಳ್ಳಿ. ಒಳ್ಳೆಯ ಆಸರೆ ಗಿಡದಲ್ಲಿ, ಅಂದರೆ ಹುಳು ಚೆನ್ನಾಗಿ ಉಂಡು ಬೆಳೆಯುವ ಗಿಡದಲ್ಲಿ, 300 ಮೊಟ್ಟೆ ಇಟ್ಟರೆ ಒಂದು ಹೆಣ್ಣು ಹದಿನೈದಾಗುತ್ತದೆ. ಎರಡನೇ ತಲೆಮಾರಿಗೆ 225, ಮೂರನೆಯದಕ್ಕೆ 3,375. ಒಗ್ಗದ ಗಿಡದಲ್ಲಿ 20 ಮೊಟ್ಟೆ ಇಟ್ಟರೆ ಒಂದಕ್ಕೆ ಒಂದು, ಇದ್ದಷ್ಟೇ ಇರುತ್ತದೆ. ಹತ್ತೇ ಮೊಟ್ಟೆಯಾದರೆ ಇಳಿಯುತ್ತಾ ಹೋಗುತ್ತದೆ. ನಿಮ್ಮ ಮೆಕ್ಕೆಜೋಳ ನೆಲದಲ್ಲಿ ನಿಂತಿದ್ದ ಮೂರೂವರೆ, ನಾಲ್ಕು ತಿಂಗಳಲ್ಲಿ ಮೂರು ತಲೆಮಾರಿಗೆ ಸಮಯ ಸಿಕ್ಕಿದೆ. ಬೆಳೆ ಚೆನ್ನಾಗಿತ್ತು ಅಂದರೆ ಬೇರು ಚೆನ್ನಾಗಿತ್ತು, ಬೇರು ಚೆನ್ನಾಗಿದ್ದರೆ ಹುಳುವಿನ ತಟ್ಟೆಯೂ ತುಂಬಿತ್ತು.

ತನಗೆ ಹೆಚ್ಚು ತೊಂದರೆಯಾಗದೆ ಹುಳುವನ್ನು ಸಾಕುವ ಇಂಥ ಗಿಡವನ್ನು ಸಹಿಷ್ಣು ಅನ್ನುತ್ತಾರೆ. ನಿರೋಧಕ ಅಂದರೆ ಹುಳುವನ್ನೇ ಬೆಳೆಯಗೊಡದ ಗಿಡ. ಬೀಜದ ಪೊಟ್ಟಣದ ಮೇಲೂ, ಮಾತಿನಲ್ಲೂ ಇವೆರಡು ಕಲಸಿಹೋಗಿವೆ. ರೈತರು ಮೋಸ ಹೋಗುವುದು ಇಲ್ಲೇ. ನನಗೆ ಇದು ಬಹಳ ನೋವಿನ ವಿಷಯ.

ಹಳೇಕುಂಟೆ

ಅಮ್ಮಾ, ಜಗ್ಗಿ ಕಿತ್ತರೆ ಸಣ್ಣ ಬೇರು ಹರಿಯುತ್ತೆ ಅಂದೆಯಲ್ಲ, ಇವತ್ತು ಗುದ್ದಲಿ ಹಾಕಿ ಮಣ್ಣು ಸಮೇತ ಎರಡು ಮೆಕ್ಕೆಜೋಳದ ಗಿಡ ಎಬ್ಬಿಸಿದೆ. ಬಕೆಟ್ಟಲ್ಲಿ ಅರ್ಧ ಗಂಟೆ ನೆನೆಸಿ ಮಣ್ಣು ತಾನೇ ಬಿಡೋ ಹಾಗೆ ತೊಳೆದೆ. ಬಿಳಿ ಎಳೆ ಬೇರಲ್ಲಿ ಅಲ್ಲಲ್ಲಿ ಅಕ್ಕಿನುಚ್ಚಿನಷ್ಟು ಊತ ಇದೆ. ಮೊಮ್ಮಗಳು ಭೂತಗನ್ನಡಿ ಹಿಡಿದು ನೋಡಿ, ಊತದ ಪಕ್ಕ ಕಂದು ಬಣ್ಣದ ಅಂಟಿನ ಹನಿ ಕೂತಿದೆ ಅಂದಳು. ಅದೇನಾ?

ಸೂಕ್ಷ್ಮದರ್ಶಿ

ಅದೇ ಸರ್, ಅದೇ ಮೊಟ್ಟೆ ಚೀಲ! ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಆ ಒಂದು ಹನಿಯೊಳಗೆ ನೂರಾರು ಮೊಟ್ಟೆ ಇರುತ್ತವೆ. ಪ್ರಯೋಗಾಲಯದಲ್ಲಿ ಫ್ಲಾಕ್ಸಿನ್ ಬಿ ಎಂಬ ಬಣ್ಣವನ್ನು ಲೀಟರ್ ನೀರಿಗೆ 0.15 ಗ್ರಾಂ ಹಾಕಿ ಬೇರನ್ನು ಕಾಲು ಗಂಟೆ ಅದ್ದುತ್ತೇವೆ. ಬೇರು ಬೆಳ್ಳಗೇ ಇದ್ದು ಚೀಲಗಳು ಮಾತ್ರ ಕೆಂಪಾಗಿ ಎದ್ದು ಕಾಣುತ್ತವೆ. ನಾನು ಮೊದಲ ಸಲ ಮೆಕ್ಕೆಜೋಳದ ಬೇರಿಗೆ ಬಣ್ಣ ಹಾಕಿದ ದಿನ, ಗಂಟೇ ಇಲ್ಲ ಅಂದುಕೊಂಡಿದ್ದ ಬೇರು ಕುಂಕುಮ ಚೆಲ್ಲಿದ ಹಾಗೆ ಕಂಡಿತ್ತು. ಅವತ್ತಿನಿಂದ ಬರಿಗಣ್ಣಿನ ತೀರ್ಪನ್ನು ನಂಬುವುದು ಬಿಟ್ಟಿದ್ದೇನೆ.

ತೋಟದಮ್ಮ (ಎರಡನೇ ದಿನ)

ಹಾಗಾದರೆ ಚೆಂಡು ಹೂವಿನ ಕಥೆ ಏನು? ಟೊಮೆಟೊ ಸಾಲಿನ ನಡುವೆ ಹಾಕಿದರೆ ನೆಮಟೋಡ್ ಬರಲ್ಲ ಅಂತಾರೆ. ನಾನು ಪ್ರತಿ ನಾಲ್ಕು ಗಿಡಕ್ಕೆ ಒಂದರಂತೆ ಹಾಕಿದ್ದೆ, ಕಡಿಮೆಯಾದ ಹಾಗೆ ಏನೂ ಅನ್ನಿಸಲಿಲ್ಲ.

ಸೂಕ್ಷ್ಮದರ್ಶಿ

ಅಕ್ಕಾ, ಚೆಂಡು ಹೂವಿನ ಶಕ್ತಿ ನಿಜವಾದದ್ದು, ಆದರೆ ಅದು ಅದರ ಬೇರು ಇರುವಷ್ಟು ಜಾಗಕ್ಕೆ ಮಾತ್ರ. ಆ ಬೇರಿನಲ್ಲಿ ಆಲ್ಫಾ-ಟರ್ಥಿನೈಲ್ ಎಂಬ ವಸ್ತುವಿದೆ, ಹುಳುವಿಗೆ ಅದು ವಿಷ. ಮರಿ ಒಳಗೆ ಹೊಕ್ಕರೂ ಬೆಳೆದು ಮೊಟ್ಟೆ ಇಡುವ ಹಂತಕ್ಕೆ ಬರುವುದಿಲ್ಲ. ನಾಲ್ಕು ಗಿಡದ ನಡುವೆ ಒಂದು ನೆಟ್ಟರೆ ಹುಳುವಿಗೆ ಪಕ್ಕದಲ್ಲೇ ಟೊಮೆಟೊ ಬೇರು ಸಿಗುತ್ತದೆ, ಚೆಂಡು ಹೂವಿನ ಬಳಿ ಹೋಗುವ ದರ್ದೇನು? ಇಡೀ ಪಟ್ಟಿಗೆ ಒತ್ತಾಗಿ, ಅದೊಂದನ್ನೇ, ಕನಿಷ್ಠ ಎರಡು ತಿಂಗಳಾದರೂ ಬೆಳೆದರೆ ಆಗ ಸಂಖ್ಯೆ ಇಳಿಯುತ್ತದೆ. ತಳಿಯೂ ಮುಖ್ಯ. ಗಿಡ್ಡ ಜಾತಿಯ ಫ್ರೆಂಚ್ ಚೆಂಡು ಹೂ ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬೇರುಗಂಟು ಹುಳುವಿನ ಕೆಲವು ಜಾತಿಗಳು ಕೆಲವು ಚೆಂಡು ಹೂ ತಳಿಗಳಲ್ಲಿ ಬೆಳೆಯುವುದೂ ಉಂಟು.

ಹಸಿರು ಗೊಬ್ಬರಕ್ಕೆ ಬೆಳೆಯುವ ಅಪ್ಸೆಣಬಿನದೂ ಹತ್ತಿರದ ಕಥೆಯೇ. ಮರಿಗಳು ಅದರ ಬೇರಿಗೆ ನುಗ್ಗುತ್ತವೆ. ಬಣ್ಣ ಹಾಕಿ ನೋಡಿದರೆ ದಾರದ ಎಳೆಯ ಹಾಗೆ ಬೇರಿನೊಳಗೆ ಮಲಗಿರುತ್ತವೆ. ಎರಡು ವಾರ ಬಿಟ್ಟು ನೋಡಿದರೂ ಹೆಚ್ಚಿನವು ಅದೇ ಎಳೆ, ಊದಿಕೊಂಡಿರುವುದಿಲ್ಲ. ಬಾಗಿಲು ತೆರೆದು ಒಳಗೆ ಕರೆದು ಉಪವಾಸ ಕೆಡವುವ ಗಿಡ ಅದು.

ಕರಿಮಣ್ಣು

ಗಂಡು ಹುಳುವಿನ ವಿಷಯ ಎಲ್ಲೋ ಓದಿದ್ದೆ. ಊಟ ಕಡಿಮೆಯಾದರೆ ಹೆಣ್ಣು ಗಂಡಾಗುತ್ತೆ ಅಂತ. ನಿಜಾನಾ ಮೇಡಂ?

ಸೂಕ್ಷ್ಮದರ್ಶಿ

ನಿಜ. ಈ ಹುಳುವಿನಲ್ಲಿ ಲಿಂಗ ಹುಟ್ಟುವಾಗಲೇ ಗಟ್ಟಿಯಾಗಿ ತೀರ್ಮಾನವಾಗಿರುವುದಿಲ್ಲ. ಗಿಡ ಹಸಿದಿದ್ದರೆ, ಒಂದೇ ಬೇರಿನಲ್ಲಿ ಹುಳುಗಳ ನೂಕುನುಗ್ಗಲು ಹೆಚ್ಚಾದರೆ, ಅಥವಾ ಗಿಡವೇ ಒಗ್ಗದಿದ್ದರೆ ಹೆಚ್ಚು ಮರಿಗಳು ಗಂಡಾಗುತ್ತವೆ. ಹೆಣ್ಣಾಗುವ ಹಾದಿಯಲ್ಲಿ ಅರ್ಧ ಬಂದು ಗಂಡಾದವುಗಳಿಗೆ ಒಂದರ ಬದಲು ಎರಡು ವೃಷಣ ಇರುತ್ತವೆ, ಸೂಕ್ಷ್ಮದರ್ಶಕದಲ್ಲಿ ಅದೇ ಗುರುತು. ಗಂಡು ಮತ್ತೆ ಎಳೆಯಂತಾಗಿ ಬೇರು ಬಿಟ್ಟು ಹೊರಡುತ್ತದೆ. ತರಕಾರಿಗಳನ್ನು ಹೆಚ್ಚು ಕಾಡುವ ಮೆಲಾಯ್ಡೊಗೈನಿ ಇನ್‌ಕಾಗ್ನಿಟಾ ಜಾತಿಯಲ್ಲಿ ಹೆಣ್ಣಿಗೆ ಮೊಟ್ಟೆ ಇಡಲು ಗಂಡೇ ಬೇಕಿಲ್ಲ. ಹಾಗಾಗಿ ಗಂಡಾದ ಪ್ರತಿ ಮರಿಯೂ ನಮಗೆ ಒಂದು ಮೊಟ್ಟೆ ಚೀಲ ಕಡಿಮೆ ಮಾಡಿಕೊಟ್ಟಂತೆ. ಗಿಡ ಹುಳುವಿನ ಬೆಳವಣಿಗೆಯನ್ನು ಎಷ್ಟು ಆಳಕ್ಕೆ ಹೋಗಿ ನಿರ್ಧರಿಸುತ್ತದೆ ನೋಡಿ! ಈ ಒಂದು ಸಂಗತಿಗಾಗಿಯೇ ನಾನು ಈ ವಿಷಯ ಆರಿಸಿಕೊಂಡೆ ಅಂದರೂ ತಪ್ಪಿಲ್ಲ.

ಹಳೇಕುಂಟೆ

ಈಗ ಒಂದು ಹಳೇ ಒಗಟು ಬಿಡಿಸಮ್ಮ. ಒಂದು ವರ್ಷ ನನ್ನ ಬದನೆ ಎರಡೇ ತಿಂಗಳಿಗೆ ನೆಲ ಕಚ್ಚಿತು, ಬೇರು ಕೊಳೆತು ಹೋಗಿತ್ತು. ಅದೇ ಜಾಗದಲ್ಲಿ ಮುಂದಿನ ಬೆಂಡೆ ಪರವಾಗಿಲ್ಲ ಅನ್ನೋ ಹಾಗೆ ಬಂತು. ಇನ್ನೊಂದು ವರ್ಷ ಬದನೆ ಚೆನ್ನಾಗಿ ಬಂತು, ಮುಂದಿನ ಬೆಂಡೆ ಹಾಳಾಯ್ತು. ತಿರುಗುಮುರುಗು ಆಗಬೇಕಿತ್ತಲ್ಲ?

ಸೂಕ್ಷ್ಮದರ್ಶಿ

ಸರ್, ನೀವು ನೋಡಿದ್ದು ಸರಿಯಾಗಿಯೇ ಇದೆ. ಮೊದಲ ವರ್ಷ ಹುಳು ವಿಪರೀತ ಇತ್ತು, ಬೇರೇ ಸತ್ತಿತು, ಬೇರಿನೊಂದಿಗೆ ಅದರೊಳಗಿನ ಹುಳುವೂ ಮೊಟ್ಟೆಗೆ ಬರುವ ಮೊದಲೇ ಹೋಯಿತು. ಎರಡನೇ ಸಲ ಆರಂಭದಲ್ಲಿ ಕಡಿಮೆ ಇತ್ತು, ಬೇರು ಕೊನೆವರೆಗೂ ಬದುಕಿತ್ತು, ತಲೆಮಾರಿನ ಮೇಲೆ ತಲೆಮಾರು ಬೆಳೆಯಿತು. ಬೆಳೆ ಮುಗಿದಾಗಿನ ಸಂಖ್ಯೆಯನ್ನು ಆರಂಭದ ಸಂಖ್ಯೆಯಿಂದ ಭಾಗಿಸಿ ನೋಡುವ ಪದ್ಧತಿಯನ್ನು 1966ರಲ್ಲಿ ನೆದರ್‌ಲ್ಯಾಂಡ್ಸ್‌ನ ನೆಮಟೋಡ್ ತಜ್ಞ ಊಸ್ಟನ್‌ಬ್ರಿಂಕ್ ಬಳಕೆಗೆ ತಂದರು. ಒಂದಕ್ಕಿಂತ ಹೆಚ್ಚು ಬಂದರೆ ಆ ಬೆಳೆ ಹುಳುವನ್ನು ಬೆಳೆಸಿದೆ, ಕಡಿಮೆ ಬಂದರೆ ಇಳಿಸಿದೆ. ಒಂದೇ ಬೆಳೆಯಲ್ಲೂ ಆರಂಭದ ಸಂಖ್ಯೆ ಎಷ್ಟಿತ್ತು ಅನ್ನುವುದರ ಮೇಲೆ ಈ ಭಾಗಲಬ್ಧ ಬದಲಾಗುತ್ತದೆ.

ಕರಿಮಣ್ಣು (ನಾಲ್ಕನೇ ದಿನ)

ನನ್ನ ಅಳಲು ಬೇರೆ. ನೆಮಟೋಡ್ ನಿರೋಧಕ ಅಂತ ಬರೆದಿದ್ದ ಟೊಮೆಟೊ ಬೀಜ ತಂದು ಹಾಕಿದೆ. ತಂಪು ಕಾಲದಲ್ಲಿ ಬೇರು ಹಾಲಿನ ಹಾಗೆ ಬೆಳ್ಳಗಿತ್ತು. ಅದೇ ತಳಿ ಬೇಸಗೆಯಲ್ಲಿ ಹಾಕಿದರೆ ಗಂಟೋ ಗಂಟು. ಬೀಜ ಕಲಬೆರಕೆ ಅಂತ ಜಗಳ ಆಡಿ ಬಂದೆ.

ಸೂಕ್ಷ್ಮದರ್ಶಿ

ಕರಿಮಣ್ಣು ಸರ್, ಬೀಜ ಸರಿಯಾಗಿಯೇ ಇದ್ದಿರಬಹುದು. ಆ ತಳಿಗಳಲ್ಲಿರುವುದು ಎಂಐ ಎಂಬ ಜೀನ್. ಸೋಲಾನಮ್ ಪೆರುವಿಯಾನಮ್ ಎಂಬ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ತಂದದ್ದು. ಸಾಮಾನ್ಯ ಟೊಮೆಟೊ ಜೊತೆ ಅದರ ಬೀಜ ಕಟ್ಟುತ್ತಿರಲಿಲ್ಲ, ಎಳೆ ಭ್ರೂಣವನ್ನೇ ಬಿಡಿಸಿ ಗಾಜಿನ ಕೊಳವೆಯಲ್ಲಿ ಬೆಳೆಸಿ ಗಿಡ ಮಾಡಿದರು. ಮರಿ ಬಂದು ಬಾಯಿಮುಳ್ಳು ಚುಚ್ಚಿದ ಜಾಗದ ಕೋಶಗಳು ತಾವೇ ಸತ್ತು ಬಿಡುತ್ತವೆ, ದೈತ್ಯ ಕೋಶ ಆಗುವುದೇ ಇಲ್ಲ. ಹುಳು ಹಸಿದು ಸಾಯುತ್ತದೆ, ಇಲ್ಲವೇ ಹೊರಗೆ ಹೋಗುತ್ತದೆ.

ಆದರೆ ಮಣ್ಣಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ರಕ್ಷಣೆ ಸಡಿಲವಾಗುತ್ತದೆ. ಅದೇ ಗಿಡ ಆಗ ಒಳ್ಳೆಯ ಆಸರೆ ಗಿಡವಾಗಿಬಿಡುತ್ತದೆ. ಸಾಲಿಗೆ ದಪ್ಪಗೆ ಒಣಹುಲ್ಲು ಮುಚ್ಚಿದರೆ ಮಣ್ಣು ತಂಪಾಗಿ ಸ್ವಲ್ಪ ಅನುಕೂಲವಾಗುತ್ತದೆ. ಇನ್ನೊಂದು ಮಾತು, ವರ್ಷವರ್ಷವೂ ಅದೇ ಜಾಗದಲ್ಲಿ ಅದೇ ನಿರೋಧಕ ತಳಿ ಹಾಕಬೇಡಿ. ಆ ಜೀನನ್ನು ಮೀರಬಲ್ಲ ಹುಳುಗಳಷ್ಟೇ ಉಳಿದು ಅವೇ ತುಂಬಿಕೊಳ್ಳುತ್ತವೆ. ಮೆಲಾಯ್ಡೊಗೈನಿ ಹ್ಯಾಪ್ಲಾ ಮತ್ತು ಎಂಟೆರೊಲೋಬಿಯೈ ಜಾತಿಗಳಿಗಂತೂ ಈ ಜೀನ್ ಲೆಕ್ಕಕ್ಕೇ ಇಲ್ಲ.

ತೋಟದಮ್ಮ

ಶೇಂಗಾ ಹಾಕಿದರೆ ಹೋಗುತ್ತೆ ಅಂತ ಒಬ್ಬರು, ಶೇಂಗಾದಲ್ಲೇ ಗಂಟು ಬರುತ್ತೆ ಅಂತ ಇನ್ನೊಬ್ಬರು. ಯಾರನ್ನು ನಂಬಲಿ?

ಸೂಕ್ಷ್ಮದರ್ಶಿ

ಇಬ್ಬರ ಹೊಲದಲ್ಲಿರುವ ಹುಳು ಬೇರೆ ಬೇರೆ ಅಕ್ಕ. ಇನ್‌ಕಾಗ್ನಿಟಾ ಶೇಂಗಾದಲ್ಲಿ ಬೆಳೆಯುವುದಿಲ್ಲ. ಅರೆನೇರಿಯಾ ಜಾತಿಯ ಒಂದನೇ ರೇಸ್ (ಜಾತಿಯೊಳಗಿನ ಒಳಗುಂಪು) ಮತ್ತು ಹ್ಯಾಪ್ಲಾ ಚೆನ್ನಾಗಿ ಬೆಳೆಯುತ್ತವೆ. ಗಿಡ ಹುಳುವನ್ನು ಹೀಗೆ ವಿಂಗಡಿಸುವುದು ಎಷ್ಟು ಸ್ಪಷ್ಟವೆಂದರೆ, ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಯಾಸರ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಆರು ಗಿಡಗಳನ್ನೇ ಪರೀಕ್ಷೆಯ ಸಾಧನ ಮಾಡಿಕೊಂಡರು. ಟೊಮೆಟೊ, ತಂಬಾಕು, ಹತ್ತಿ, ದೊಣ್ಣೆ ಮೆಣಸಿನಕಾಯಿ, ಕಲ್ಲಂಗಡಿ, ಶೇಂಗಾ, ಪ್ರತಿಯೊಂದರಲ್ಲೂ ಗೊತ್ತುಮಾಡಿದ ಒಂದು ತಳಿ. ಯಾವುದರಲ್ಲಿ ಬೆಳೆಯಿತು, ಯಾವುದರಲ್ಲಿ ಇಲ್ಲ ಎಂದು ನೋಡಿ ಜಾತಿ, ರೇಸ್ ಗುರುತಿಸುವುದು. ಈಗ ಡಿಎನ್‌ಎ ಪರೀಕ್ಷೆ ಬಂದಿದೆ, ಆದರೆ ನಿಮ್ಮ ಹೊಲದ ಹುಳು ನಿಮ್ಮ ಬೆಳೆಯಲ್ಲಿ ಬೆಳೆಯುತ್ತದೋ ಇಲ್ಲವೋ ಎಂದು ಹೇಳಬಲ್ಲದ್ದು ಇಂದಿಗೂ ಗಿಡವೇ.

ಶೇಂಗಾ ನೋಡುವಾಗ ಒಂದು ಎಚ್ಚರಿಕೆ. ಸಾರಜನಕ ಹಿಡಿಯುವ ಒಳ್ಳೆಯ ಗಂಟೂ ಅದರಲ್ಲಿದೆ. ಅದು ಬೇರಿನ ಪಕ್ಕಕ್ಕೆ ಅಂಟಿದಂತಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ, ಹಿಸುಕಿದರೆ ಒಳಗೆ ನಸುಗೆಂಪು. ನೆಮಟೋಡ್ ಗಂಟು ಬೇರೇ ಊದಿದ್ದು, ಉಜ್ಜಿದರೆ ಬರುವುದಿಲ್ಲ.

ಸೌತೆಬಳ್ಳಿ

ನನ್ನ ಹೊಲದಲ್ಲಿ ಯಾವ ಜಾತಿ ಇದೆಯೋ ಗೊತ್ತಿಲ್ಲ. ನಾನೇ ಪರೀಕ್ಷೆ ಮಾಡೋಕೆ ಆಗುತ್ತಾ?

ಸೂಕ್ಷ್ಮದರ್ಶಿ

ಖಂಡಿತ ಆಗುತ್ತದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹದಿನೈದು ಕಡೆ, ಒಂದು ಗೇಣು ಆಳದಿಂದ ಮಣ್ಣು ತೆಗೆಯಿರಿ. ಬಿಸಿಲಿಗೆ ಹರಡಬೇಡಿ, ಹುಳು ಸಾಯುತ್ತದೆ. ಚೆನ್ನಾಗಿ ಬೆರೆಸಿ ಕುಂಡಗಳಿಗೆ ತುಂಬಿ. ಮುಂದೆ ಬೆಳೆಯಬೇಕು ಅಂದುಕೊಂಡಿರುವ ಪ್ರತಿ ಬೆಳೆಯನ್ನೂ ಎರಡೆರಡು ಕುಂಡದಲ್ಲಿ ಹಾಕಿ, ಎರಡು ಕುಂಡದ ಮಣ್ಣಿಗೆ ಏನೂ ಹಾಕದೆ ಖಾಲಿ ಬಿಡಿ. ಎಂಟು ವಾರವಾದ ಮೇಲೆ ಗಿಡದ ಮೇಲ್ಭಾಗ ಕತ್ತರಿಸಿ, ಬೇರನ್ನು ಸಣ್ಣಗೆ ಹೆಚ್ಚಿ ಅದೇ ಮಣ್ಣಿಗೆ ಬೆರೆಸಿ. ಬೇರು ಎಸೆದರೆ ಮೊಟ್ಟೆಯೂ ಹೋಗಿ ಲೆಕ್ಕ ತಪ್ಪುತ್ತದೆ. ಆಮೇಲೆ ಎಲ್ಲ ಕುಂಡಕ್ಕೂ ಸೌತೆ ಬೀಜ ಹಾಕಿ ಐದನೇ ವಾರ ಬೇರು ತೊಳೆದು ಗಂಟು ಎಣಿಸಿ. ಹಿಂದಿನ ಬೆಳೆ ಮಣ್ಣಿನಲ್ಲಿ ಎಷ್ಟು ಹುಳು ಉಳಿಸಿ ಹೋಗಿದೆ ಎಂದು ಸೌತೆಯೇ ಹೇಳುತ್ತದೆ. ಕುಂಡದಿಂದ ಕುಂಡಕ್ಕೆ ನೀರು ಹರಿಯದಂತೆ ನೋಡಿಕೊಳ್ಳಿ.

ಸೌತೆಬಳ್ಳಿ (ಮೂರೂವರೆ ತಿಂಗಳ ನಂತರ)

ಮರೆತಿಲ್ಲ, ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಇವತ್ತು ಬೆಳಗ್ಗೆಯಿಂದ ಹನ್ನೆರಡು ಕುಂಡ ಬಿಚ್ಚಿ ಬೇರು ತೊಳೆದು ಎಣಿಸಿದೆ. ಬರೆದುಕೊಂಡಿದ್ದು ಹೀಗಿದೆ.

ಟೊಮೆಟೊ ಇದ್ದ ಮಣ್ಣಿನ ಸೌತೆ: ಎರಡರಲ್ಲೂ ಬೇರೇ ಉಂಡೆ, ಎಣಿಸೋಕೆ ಆಗಲಿಲ್ಲ. ಮೆಕ್ಕೆಜೋಳ ಇದ್ದದ್ದು: ನೂರು ದಾಟಿದ ಮೇಲೆ ಎಣಿಸೋದು ಬಿಟ್ಟೆ, ಎರಡೂ ಹಾಗೇ. ಶೇಂಗಾ: 7 ಮತ್ತು 4. ಅಪ್ಸೆಣಬು: 2, ಇನ್ನೊಂದರಲ್ಲಿ ಏನೂ ಇಲ್ಲ. ಖಾಲಿ ಬಿಟ್ಟದ್ದು: 18 ಮತ್ತು 23. ಚೆಂಡು ಹೂ: ಒಂದರಲ್ಲಿ 3, ಇನ್ನೊಂದರಲ್ಲಿ 46!

ಆ 46 ನೋಡಿ ನಿಂತುಬಿಟ್ಟೆ. ಆಮೇಲೆ ನೆನಪಾಯ್ತು. ಆ ಕುಂಡದಲ್ಲಿ ಒಂದು ಗಣಿಕೆ ಗಿಡ ತಾನಾಗಿ ಹುಟ್ಟಿತ್ತು, ಇರಲಿ ಬಿಡು ಅಂತ ಕೀಳದೇ ಬಿಟ್ಟಿದ್ದೆ. ಒಂದೇ ಒಂದು ಗಿಡ!

ಹಳೇಕುಂಟೆ

ಅಯ್ಯೋ! ಹಾಗಾದರೆ ನಾನು ಬೀಳು ಬಿಟ್ಟ ಹೊಲದಲ್ಲೆಲ್ಲ ದಂಟು, ಗಣಿಕೆ, ಜೇಕು ತುಂಬಿದೆ. ಅದು ಬೀಳಲ್ಲ, ಹುಳದ ಕಣಜ.

ಸೂಕ್ಷ್ಮದರ್ಶಿ

ಹೌದು ಸರ್. ಗಣಿಕೆ ಬದನೆಯ ಸಂಬಂಧಿ, ಟೊಮೆಟೊದಷ್ಟೇ ಚೆನ್ನಾಗಿ ಸಾಕುತ್ತದೆ. ಜೇಕು ಇನ್ನೂ ಕಷ್ಟ, ಅದರ ಗಡ್ಡೆಯೊಳಗೇ ಹುಳು ಉಳಿದುಕೊಳ್ಳುತ್ತದೆ.

ಸೌತೆಬಳ್ಳಿ ಅವರೇ, ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ, ಓದಿ ತುಂಬಾ ಸಂತೋಷವಾಯಿತು. ಶೇಂಗಾದ ಅಂಕಿ ಖಾಲಿ ಕುಂಡಕ್ಕಿಂತ ಕೆಳಗಿದೆ, ಅಂದರೆ ನಿಮ್ಮ ಹುಳು ಶೇಂಗಾದಲ್ಲಿ ಬೆಳೆಯುವ ಜಾತಿಯಲ್ಲ ಅನ್ನಲು ಒಳ್ಳೆಯ ಸುಳಿವು. ಎರಡೇ ಕುಂಡವಾದ್ದರಿಂದ 2, 4, 7ರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಅರ್ಥ ಹಚ್ಚಬೇಡಿ. ಮೆಕ್ಕೆಜೋಳದ ನೂರಕ್ಕೂ ಶೇಂಗಾದ ಏಳಕ್ಕೂ ಇರುವ ಅಂತರ ಮಾತ್ರ ಗಟ್ಟಿ.

ಸೌತೆಬಳ್ಳಿ

ಅರ್ಧ ಪಟ್ಟಿಗೆ ಅಪ್ಸೆಣಬು, ಅರ್ಧಕ್ಕೆ ಶೇಂಗಾ ಹಾಕ್ತೀನಿ ಮೇಡಂ. ವಾರಕ್ಕೊಮ್ಮೆ ಕಳೆ ಕೀಳೋದು ನನ್ನ ಜವಾಬ್ದಾರಿ. ಸೆಣಬನ್ನು ಯಾವಾಗ ಮಣ್ಣಿಗೆ ಸೇರಿಸಲಿ?

ಸೂಕ್ಷ್ಮದರ್ಶಿ

ಹೂ ಬಿಡಲು ಶುರುವಾದಾಗ, ಕಾಂಡ ನಾರುಗಟ್ಟುವ ಮೊದಲು. ಕತ್ತರಿಸುವ ಮುನ್ನ ನಾಲ್ಕೈದು ಗಿಡವನ್ನು ಗುದ್ದಲಿಯಲ್ಲಿ ಎಬ್ಬಿಸಿ, ಬಕೆಟ್ಟಿನಲ್ಲಿ ನೆನೆಸಿ ಬೇರು ನೋಡಿ. ಭೂತಗನ್ನಡಿಯಲ್ಲಿ ಕಂಡದ್ದನ್ನು ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.